ದೂರಿನ ಫೋನಿನಲ್ಲಿ ಸೊಸೆಯ ರ‍್ಯಾಪ್

ನನ್ನ ಬಾಯಿಯ ವಿಷಯ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಮೂಗು ಮುರಿಯಬಾರದು. ತರಕಾರಿ ಮಾರುಕಟ್ಟೆಯಲ್ಲಿ ನನ್ನದೊಂದು ಅಂಗಡಿ. ಟೊಮೇಟೊವನ್ನು ಹಿಸುಕಿ ನೋಡಿ, ಕೊಳ್ಳದೆ ಹಾಗೇ ಇಟ್ಟು ಹೋಗುವವರನ್ನು ನಾನು ಇವತ್ತಿನವರೆಗೆ ಸುಮ್ಮನೆ ಬಿಟ್ಟಿಲ್ಲ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅನ್ನುತ್ತಾರಲ್ಲ, ಗಂಡ ತೀರಿಕೊಂಡ ಮೇಲೆ ಮಗನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದ್ದು ಈ ಬಾಯಿಯೇ. ಅಂಥ ನನ್ನ ಮನೆಗೆ, ಎಷ್ಟು ಬೈದರೂ ತಿರುಗಿ ಒಂದು ಮಾತಾಡದ ಸೊಸೆ ಬಂದಳು. ನನ್ನ ಗ್ರಹಚಾರ ನೋಡಿ. ಜಗಳಕ್ಕೂ ಒಂದು ಜೊತೆ ಬೇಡವೇ?

ಮಾತಾಡದವಳು ಅಂದೆ, ಮೂಗಿ ಅನ್ನಲಿಲ್ಲ. ಬಂದ ಹೊಸದರಲ್ಲೇ ಗಮನಿಸಿದೆ, ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುವಾಗ ಅವಳ ಚಾಕು ಮಣೆಯ ಮೇಲೆ ಒಂದೇ ಲೆಕ್ಕದಲ್ಲಿ ಬೀಳುತ್ತಿತ್ತು, ತುಟಿ ಮಾತ್ರ ಅಲ್ಲಾಡುತ್ತಿತ್ತು. ಬಟ್ಟೆ ಒಗೆಯುವಾಗಲೂ ಅದೇ. ಕಲ್ಲಿಗೆ ಎರಡು ಬಡಿತ, ಒಂದು ತಡೆ, ಮತ್ತೆ ಎರಡು ಬಡಿತ. ಹೆದರಿ ಮಗನನ್ನು ಕರೆದು, ನಿನ್ನ ಹೆಂಡತಿ ಒಬ್ಬಳೇ ಅದೇನೋ ಗೊಣಗುತ್ತಾಳೆ, ತಲೆ ನೆಟ್ಟಗಿದೆ ತಾನೇ ಅಂತ ಕೇಳಿದೆ. ನನ್ನ ಮಗ ಕಟ್ಟಡಗಳ ಗೋಡೆಗೆ ಬಣ್ಣ ಬಳಿಯುವವನು, ಗೋಡೆಯಷ್ಟೇ ಮಾತಾಡುತ್ತಾನೆ. ಅದು ರ‍್ಯಾಪ್ ಅಮ್ಮ ಅಂದ. ಹಾಡೋ ಮಾತೋ ಅಂದೆ. ಎರಡೂ ಅಂದ. ಎರಡೂ ಅಂದರೆ ಎರಡೂ ನೆಟ್ಟಗಿಲ್ಲ ಅಂತ ಅರ್ಥ ಎಂದು ನಾನು ಹೇಳಿದ್ದಕ್ಕೆ ಅವಳು ಒಳಗಿನಿಂದ ಕಿಸಕ್ಕನೆ ನಕ್ಕಳು.

ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ? ನಮ್ಮ ಬೀದಿ ಗುಡ್ಡದ ಬುಡದಲ್ಲಿದೆ. ಇಡೀ ಬೀದಿಗೆ ಇರುವುದೊಂದೇ ನಲ್ಲಿ, ಬೆಳಗ್ಗೆ ಸ್ವಲ್ಪ ಹೊತ್ತು ಸಣ್ಣಗೆ ಬರುತ್ತದೆ. ಗುಡ್ಡದ ಮೇಲೆ ಒಂದು ಬಡಾವಣೆ ಇದೆ, ದೊಡ್ಡ ಗೇಟಿನ ಮನೆಗಳು, ಮನೆಯೊಳಗೇ ನಲ್ಲಿಗಳು. ಆದರೆ ನೀರು ಗುಡ್ಡ ಹತ್ತುವಷ್ಟರಲ್ಲಿ ಅದರ ಜೀವ ಹೋಗಿರುತ್ತದೆ. ಮೇಲಿನವರು ಮೋಟಾರು ಹಾಕಿ ಎಳೆದುಕೊಳ್ಳುತ್ತಾರೆ ಅಂತ ನಾವು, ಕೆಳಗಿನವರು ಪೈಪಿಗೆ ತೂತು ಕೊರೆದು ಕದಿಯುತ್ತಾರೆ ಅಂತ ಅವರು. ಹೀಗೆ ವರ್ಷಗಟ್ಟಲೆ ಒಬ್ಬರ ಮುಖ ಒಬ್ಬರು ನೋಡದೆ ಬೈದುಕೊಂಡೇ ಬಂದಿದ್ದೆವು.

ಒಂದು ಬೆಳಗ್ಗೆ ನಲ್ಲಿಯ ಹತ್ತಿರ ಟೈಲರಮ್ಮನಿಗೂ ಇಸ್ತ್ರಿಯವನ ಹೆಂಡತಿಗೂ ಸರದಿಯ ಜಗಳ ಹತ್ತಿತು. ಜುಟ್ಟಿಗೆ ಜುಟ್ಟು ಸೇರುವುದಕ್ಕೆ ಇನ್ನೇನು ಅರೆಗಳಿಗೆ ಇತ್ತು. ನಾನು ಸೆರಗು ಸಿಕ್ಕಿಸಿಕೊಂಡು, ಯಾರ ಪಕ್ಷ ವಹಿಸಲಿ ಅಂತ ಯೋಚಿಸುತ್ತಿದ್ದೆ. ಅಷ್ಟರಲ್ಲಿ ನನ್ನ ಸೊಸೆ ತನ್ನ ಖಾಲಿ ಕೊಡವನ್ನು ಬೋರಲು ಹಾಕಿ, ಅದರ ಮುಂದೆ ಕುಕ್ಕರುಗಾಲಲ್ಲಿ ಕೂತು ಬಡಿಯಲು ಶುರುಮಾಡಿದಳು.

ಸರದಿ ಅಂದ್ರೆ ಸರದಿ ಅಕ್ಕ, ಯಾರೂ ಇಲ್ಲ ಹಿಂದೆ ಮುಂದೆ,
ನಿನ್ನ ಕೊಡದ ತೂತು ನಂದು, ನನ್ನ ಮಗುವಿನ ಹಸಿವು ನಿಂದೇ.
ಸಿಟ್ಟು ಬಂದ್ರೆ ಕೊಡಕ್ಕೆ ಹೊಡಿ, ಕೊಡದ ತಾಳಕ್ಕೆ ಹೆಜ್ಜೆ ಹಾಕು,
ಮನುಷ್ಯರ ಮೈಗೆ ಹೊಡಿಬೇಡ, ಚರ್ಮ ಒಂದೇ, ಅಷ್ಟೇ ಸಾಕು.

ಟೈಲರಮ್ಮ ಎತ್ತಿದ ಕೈ ಎತ್ತಿದಂತೆಯೇ ನಿಂತಳು. ಇಸ್ತ್ರಿಯವನ ಹೆಂಡತಿಗೆ ನಗು ತಡೆಯಲಾಗಲಿಲ್ಲ. ಒಬ್ಬೊಬ್ಬರಾಗಿ ಕೊಡ ಬೋರಲು ಹಾಕಿದರು. ಆ ಗಲಾಟೆಯಲ್ಲಿ ನೀರು ಬಂದದ್ದೂ ಯಾರಿಗೂ ಗೊತ್ತಾಗಲಿಲ್ಲ, ಒಂದಷ್ಟು ಚರಂಡಿಗೆ ಹೋಯಿತು, ಅದಕ್ಕೆ ನಾನು ಎಲ್ಲರಿಗೂ ಸೇರಿಸಿ ಮಂಗಳಾರತಿ ಮಾಡಿದೆ. ಅವತ್ತಿನಿಂದ ಬೀದಿಯವರು ಅವಳನ್ನು ರ‍್ಯಾಪ್ ಅಕ್ಕ ಅಂತ ಕರೆಯತೊಡಗಿದರು. ಭಾನುವಾರ ಮಧ್ಯಾಹ್ನ ನಲ್ಲಿಕಟ್ಟೆಯ ಮೇಲೆ ಅವಳ ಹಾಡು, ಸುತ್ತ ಜನ. ಕುಡಿದು ಬಂದು ಹೆಂಡತಿಗೆ ಹೊಡೆಯುತ್ತಿದ್ದ ಗಾರೆಯವನ ಮೇಲೂ ಒಂದು ಹಾಡು ಕಟ್ಟಿದಳು, ಅವನ ಹೆಸರೂ ಇಲ್ಲ, ಒಂದು ಕೆಟ್ಟ ಮಾತೂ ಇಲ್ಲ. ಅವನು ಕೊನೆಯವರೆಗೂ ನಿಂತು ಕೇಳಿ, ತಲೆ ತಗ್ಗಿಸಿಕೊಂಡು ಹೋದ. ನಾನಾಗಿದ್ದರೆ ಅವನ ವಂಶದವರನ್ನೆಲ್ಲ ಎಬ್ಬಿಸಿ ನಿಲ್ಲಿಸುತ್ತಿದ್ದೆ.

ಅವಳ ಕೆಲಸವೂ ನೀರಿನದ್ದೇ. ನೀರು ಸರಬರಾಜು ಕಚೇರಿಯಲ್ಲಿ ದೂರು ಕೇಳುವ ಕೋಣೆ ಅಂತ ಒಂದಿದೆ. ಒಂದು ಸಲ ಊಟದ ಡಬ್ಬಿ ಮರೆತು ಹೋಗಿದ್ದಳು, ಕೊಡಲು ಹೋಗಿ ನೋಡಿದ್ದೇನೆ. ಮಹಡಿಯ ತುದಿಯಲ್ಲಿ ಉದ್ದನೆಯ ಕೋಣೆ, ಮೇಜು ಮೇಜಿನ ನಡುವೆ ಪ್ಲೈವುಡ್ಡಿನ ಅಡ್ಡಗೋಡೆ, ತಲೆಯ ಮೇಲೆ ಕಿರ್ರೆನ್ನುವ ಫ್ಯಾನು, ಕಿಟಕಿಯಾಚೆ ಅಂಗಳದಲ್ಲಿ ಒಟ್ಟಿದ ತುಕ್ಕು ಹಿಡಿದ ಪೈಪುಗಳು. ಎಲ್ಲರ ತಲೆಗೂ ಹೆಡ್‌ಫೋನು. ಮಾರುಕಟ್ಟೆಯಲ್ಲಿ ನನಗೆ ಒಂದು ತಿಂಗಳಲ್ಲಿ ಸಿಗದಷ್ಟು ಬೈಗುಳ ಆ ಕೋಣೆಗೆ ಒಂದು ಬೆಳಗ್ಗೆಯಲ್ಲಿ ಬಂದು ಬೀಳುತ್ತದೆ. ಬೈಯುವವರ ಮಾತು ನಡುವೆ ತಡೆಯುವಂತಿಲ್ಲ, ಫೋನು ಇಡುವಂತಿಲ್ಲ, ದನಿ ಏರಿಸುವಂತಿಲ್ಲ. ಅವರು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ, ನಿಮ್ಮ ದೂರು ಬರೆದುಕೊಂಡಿದ್ದೇನೆ ಅನ್ನಬೇಕು. ನನ್ನನ್ನು ಆ ಕುರ್ಚಿಯಲ್ಲಿ ಕೂರಿಸಿದ್ದರೆ ಮಧ್ಯಾಹ್ನದೊಳಗೆ ಊರಿಗೆ ಊರೇ ಬಾವಿ ತೋಡಿಕೊಳ್ಳುತ್ತಿತ್ತು.

ಅವಳು ಹೇಗೆ ತಡೆದುಕೊಳ್ಳುತ್ತಿದ್ದಳು ಅಂತೀರಿ? ಆ ಹೆಡ್‌ಫೋನಿನ ವೈರಿನಲ್ಲಿ ಮ್ಯೂಟ್ ಅಂತ ಒಂದು ಗುಂಡಿ ಇದೆ. ಒತ್ತಿದರೆ ಆ ಕಡೆಯವರ ಮಾತು ನಮಗೆ ಕೇಳುತ್ತದೆ, ನಮ್ಮದು ಅವರಿಗೆ ಕೇಳುವುದಿಲ್ಲ, ಕೆಂಪು ದೀಪ ಹೊತ್ತುತ್ತದೆ. ಬೈಗುಳ ಶುರುವಾದರೆ ಇವಳು ಗುಂಡಿ ಒತ್ತಿ, ದೀಪ ನೋಡಿ, ಎದೆಯಲ್ಲಿದ್ದದ್ದನ್ನು ರ‍್ಯಾಪಿನಲ್ಲಿ ಹೇಳಿ ಮುಗಿಸುವಳು. ಆಮೇಲೆ ಗುಂಡಿ ಬಿಟ್ಟರೆ ದನಿ ಬೆಣ್ಣೆ. ಪಕ್ಕದ ಮೇಜಿನವರೂ ಹೀಗೆ ಮಾಡುತ್ತಿದ್ದರು, ಆದರೆ ಅವರು ಗುಂಡಿ ಒತ್ತಿ ಬಾಯಿಗೆ ಬಂದ ಹಾಗೆ ಬೈದುಕೊಳ್ಳುತ್ತಿದ್ದರು. ಇವಳು ಬೈಯುತ್ತಿರಲಿಲ್ಲ. ಯಾರಿಗೂ ಕೇಳಿಸದಿದ್ದಾಗಲೂ ಒಂದು ಸಣ್ಣ ಬೈಗುಳವಿಲ್ಲ ಅಂದರೆ ಯಾರಾದರೂ ನಂಬುತ್ತಾರೆಯೇ? ನಾನೂ ಕೇಳಿದೆ, ಯಾರಿಗೂ ಕೇಳಿಸಲ್ಲ ಅಂದಮೇಲೆ ನಿನಗೇನೇ ದಾಡಿ ಅಂತ.

"ಗುಂಡಿ ಒತ್ತಿಕೊಂಡು ಬೈದರೂ ಅದು ದನಿಯಲ್ಲಿ ಉಳಿದುಬಿಡುತ್ತೆ ಅತ್ತೆ. ಮುಂದಿನ ಫೋನು ಮಾಡಿದವರಿಗೆ ತಗಲುತ್ತೆ. ಅವರೇನು ತಪ್ಪು ಮಾಡಿರ್ತಾರೆ?"

ಮುಂದಿನವರ ಚಿಂತೆ ಮಾಡುವವಳು ಇವಳೊಬ್ಬಳೇ ನೋಡಿ ಅಂತ ನಾನು ಅವತ್ತು ಗೊಣಗಿದೆ.

ಆಮೇಲೆ ಕಚೇರಿಗೆ ಹೊಸ ಹೆಡ್‌ಫೋನುಗಳು ಬಂದವು. ಬೆಳಗ್ಗೆ ಬಂದು ಕೂರುವಷ್ಟರಲ್ಲಿ ಹಳೆಯವು ಹೋಗಿದ್ದವು, ಹೊಸವು ಮೇಜಿನ ಮೇಲಿದ್ದವು, ಅವುಗಳ ಬಗ್ಗೆ ಯಾರಿಗೂ ಯಾರೂ ಏನೂ ಹೇಳಿರಲಿಲ್ಲ. ಹಳೆಯದರಲ್ಲಿ ಕೆಂಪು ದೀಪ ಹೊತ್ತಿದರೆ ನಮ್ಮ ದನಿ ಮುಚ್ಚಿದೆ ಅಂತ. ಹೊಸದರಲ್ಲಿ ತಲೆಕೆಳಗು, ಕೆಂಪು ದೀಪ ಇದ್ದರೆ ದನಿ ಹೋಗುತ್ತಿದೆ ಅಂತ. ಮೊದಲ ಫೋನೇ ಗುಡ್ಡದ ಮೇಲಿನ ಮೂಲೆಮನೆಯ ಯಜಮಾನರದು. ವಯಸ್ಸಾದವರು, ಬಡಾವಣೆಯ ಸಂಘದ ಕಾರ್ಯದರ್ಶಿ, ಅವರ ದನಿ ಅಂದರೆ ಆ ಕೋಣೆಯವರೆಲ್ಲ ಹೆದರುತ್ತಿದ್ದರು. ಕೆಳಗಿನ ಕಳ್ಳರಿಂದ ಶುರುಮಾಡಿ ಅವಳನ್ನು ಹೆತ್ತವರವರೆಗೆ ಬಂದರು. ಇವಳು ದೀಪ ನೋಡಿದಳು. ಆಗಲೇ ಕೆಂಪಗೆ ಉರಿಯುತ್ತಿತ್ತು. ಕೈ ತಾನಾಗಿ ಗುಂಡಿ ಒತ್ತಿರಬೇಕು ಅಂದುಕೊಂಡು, ಎಂದಿನ ಹಾಗೆ ಶುರುಮಾಡಿಬಿಟ್ಟಳು. ಆ ಕಡೆ ಯಜಮಾನರು ಕೂಗುತ್ತಲೇ ಇದ್ದರು, ಹಾಗಾಗಿ ಅವರಿಗೆ ಒಂದು ಪದವೂ ಅರ್ಥವಾಗಲಿಲ್ಲ. ಫೋನಿನಲ್ಲಿ ಯಾರೋ ತನ್ನನ್ನು ಆಡಿಕೊಂಡು ಹಾಡುತ್ತಿದ್ದಾರೆ ಅಂತ ಮಾತ್ರ ಗೊತ್ತಾಯಿತು.

ಸಂಜೆಯೊಳಗೆ ಅವಳನ್ನು ಕೆಲಸಕ್ಕೆ ಬರಬೇಡ ಅಂತ ನಿಲ್ಲಿಸಿದರು. ಅವಳದು ಕಾಯಂ ಕೆಲಸವಲ್ಲ, ಬೇಡ ಅಂದರೆ ಎದ್ದು ಹೋಗಬೇಕು ಅಷ್ಟೇ. ಮ್ಯಾನೇಜರು ಒಳ್ಳೆಯ ಮನುಷ್ಯ, ಆದರೆ ಹೆದರುಪುಕ್ಕಲ. ಸಂಘದವರ ಸಭೆಗೆ ಬಂದು ಎಲ್ಲರ ಮುಂದೆ ಕ್ಷಮೆ ಕೇಳಬೇಕು, ಅವಳು ಮಾಡಿದ ಅವಮಾನ ಎಲ್ಲರಿಗೂ ಗೊತ್ತಾಗಲಿ, ಕಚೇರಿಯಲ್ಲಿ ರೆಕಾರ್ಡಾದ ಮಾತನ್ನು ಸಭೆಯಲ್ಲೇ ಹಾಕಿ ಅಂತ ಯಜಮಾನರು ಪಟ್ಟು ಹಿಡಿದಿದ್ದರಂತೆ. ಸಭೆ ಒಪ್ಪಿದರೆ ಕೆಲಸ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ. ಹೆದರಬೇಡಮ್ಮ, ಹಾಕಲಿ, ನಿನ್ನ ಹಾಡಿಗಿಂತ ಮೊದಲು ಅವರ ಬೈಗುಳವೇ ಕೇಳಿಸುತ್ತೆ, ಅದನ್ನು ಕೇಳಿದ ಮೇಲೆ ಯಾರೂ ನಿನ್ನ ತಂಟೆಗೆ ಬರಲ್ಲ, ನಿನಗಿರೋ ಆಸರೆ ಅದೊಂದೇ ಅಂತ ಮ್ಯಾನೇಜರು ಗುಟ್ಟಾಗಿ ಹೇಳಿ ಕಳಿಸಿದ್ದರು.

ಆ ಕುರ್ಚಿಗಾಗಿ ಅವಳು ಪಟ್ಟ ಪಾಡು ನನಗೆ ಗೊತ್ತು. ಮದುವೆಗೆ ಮುಂಚೆ ಗೋಣಿಚೀಲ ಹೊಲಿಯುತ್ತಿದ್ದವಳು, ಕೆಲಸ ಮುಗಿಸಿ ಬಂದು ಕಂಪ್ಯೂಟರ್ ಕಲಿತಿದ್ದಳು. ಮಗನ ಕೆಲಸವಾದರೋ ಮಳೆ ಬಂದರೆ ನಿಂತಿತು. ಅವಳ ಸಂಬಳ ಬರತೊಡಗಿದ ಮೇಲೇ ನಮ್ಮ ಮನೆಗೆ ಒಂದು ನೆಲೆ ಸಿಕ್ಕಿದ್ದು. ಅದಕ್ಕಿಂತ ಹೆಚ್ಚಾಗಿ, ಆ ಕೆಲಸ ಅಂದರೆ ಅವಳಿಗೆ ಪ್ರಾಣ. ಜನರ ಕಷ್ಟ ಕೇಳುವುದು ಒಂದು ಕೆಲಸವೇ ಅಂತ ಬೇರೆಯವರು ಮೂಗು ಮುರಿದರೆ, ಕೇಳುವವರಿಲ್ಲದ ಕಷ್ಟವೇ ದೊಡ್ಡ ಕಷ್ಟ ಅನ್ನುವವಳು ಅವಳು. ಮನೆಯಲ್ಲಿ ಕೂತ ಆ ದಿನಗಳಲ್ಲಿ ಅವಳ ಚಾಕು ಮಣೆಯ ಮೇಲೆ ಹೇಗೆಂದರೆ ಹಾಗೆ ಬೀಳುತ್ತಿತ್ತು.

ಬೀದಿಯವರು ಸುಮ್ಮನಿರುತ್ತಾರೆಯೇ? ನಲ್ಲಿಕಟ್ಟೆಯಲ್ಲಿ ಎಲ್ಲರೂ ಸೇರಿ ಯಜಮಾನರ ಮೇಲೆ ಕಟ್ಟಬೇಕಾದ ಹಾಡಿಗೆ ಸಾಮಾನು ಒದಗಿಸಿದರು. ಅವರ ಬೋಳುತಲೆಗೆ ಟೈಲರಮ್ಮ ಪ್ರಾಸ ಹುಡುಕಿದಳು, ಅವರ ನಡಿಗೆಗೆ ಇಸ್ತ್ರಿಯವನ ಹೆಂಡತಿ. ನಾನು ಕೊಟ್ಟ ಸಾಲುಗಳನ್ನು ಇಲ್ಲಿ ಬರೆಯುವಂತಿಲ್ಲ, ಮಾನವಂತರು ಓದುತ್ತಾರೆ. ಅವಳು ಎಲ್ಲವನ್ನೂ ಕೇಳಿದಳು, ನಕ್ಕಳು, ಒಂದನ್ನೂ ತೆಗೆದುಕೊಳ್ಳಲಿಲ್ಲ. ಕೋಪದಲ್ಲಿ ಕೊಯ್ದುಕೊಂಡ ಮೂಗು ಶಾಂತಿಯಾದ ಮೇಲೆ ಬಂದೀತೇ ಅತ್ತೆ ಅಂದಳು. ನನ್ನ ಗಾದೆಯನ್ನು ನನಗೇ ಹೇಳುತ್ತಾಳೆ.

ಸಭೆಯ ದಿನ ಮಧ್ಯಾಹ್ನ ನಾನೂ ಜೊತೆಗೆ ಹೋದೆ. ಬೇಡ ಅಂದಳು, ಕೇಳುವವಳೇ ನಾನು? ಗುಡ್ಡದ ಮೇಲೆ ಅವರದೇ ಒಂದು ಸಭೆಯ ಹಾಲು, ಸಾಲಾಗಿ ಪ್ಲಾಸ್ಟಿಕ್ ಕುರ್ಚಿಗಳು, ವೇದಿಕೆಯ ಮೇಲೆ ಮೇಜು, ಮೈಕು. ಕುಡಿಯುವ ನೀರಿನ ಕ್ಯಾನು ಒಂದು ಮೂಲೆಯಲ್ಲಿ ಖಾಲಿ ನಿಂತಿತ್ತು. ಜನ ತುಂಬಿದ್ದರು. ಅಧ್ಯಕ್ಷೆ ಒಬ್ಬರು ಹಲ್ಲಿನ ಡಾಕ್ಟರಮ್ಮ. ಅವರ ಒಂದು ಪಕ್ಕಕ್ಕೆ ಯಜಮಾನರು, ಇನ್ನೊಂದು ಪಕ್ಕಕ್ಕೆ ಮ್ಯಾನೇಜರು ಮತ್ತು ಅದೇ ನೀರಿನ ಕಚೇರಿಯ ಒಬ್ಬ ಎಂಜಿನಿಯರು. ನನ್ನ ಸೊಸೆಯನ್ನು ಮೆಟ್ಟಿಲ ಕೆಳಗೆ ನಿಲ್ಲಿಸಿದರು, ಕೂರಿ ಅನ್ನಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಮುಂದಿನ ಸಾಲಿನಲ್ಲಿ ಒಂದು ಕುರ್ಚಿ ಎಳೆದುಕೊಂಡು ಕಾಲ ಮೇಲೆ ಕಾಲು ಹಾಕಿ ಕೂತೆ.

ಯಜಮಾನರು ಎದ್ದು, ಕಷ್ಟ ಹೇಳಿಕೊಂಡವರನ್ನು ಹಾಡಿ ಆಡಿಕೊಳ್ಳುವ ಕಾಲ ಬಂದಿದೆ, ನೀವೇ ಕೇಳಿ ಅಂತ ಹೇಳಿ ಮ್ಯಾನೇಜರಿಗೆ ಸನ್ನೆ ಮಾಡಿದರು. ಮ್ಯಾನೇಜರು ತಾವು ತಂದಿದ್ದ ಕಂಪ್ಯೂಟರಿಗೆ ಮೈಕು ಹಿಡಿದರು. ಯಜಮಾನರ ದನಿಯೇ ಗಟ್ಟಿಯಾಗಿ ಹಾಲಿನ ತುಂಬ ಬಂತು, "ಏಯ್, ಕೆಳಗಿನ ಕಳ್ಳರಿಗೆಲ್ಲ ಫೋನು ಎತ್ತೋ ಕೆಲಸ ಕೊಟ್ಟವರು ಯಾರು" ಅಂತ. ಜನ ಒಬ್ಬರ ಮುಖ ಒಬ್ಬರು ನೋಡಿದರು. ಯಜಮಾನರ ಮುಖ ನೋಡಬೇಕಿತ್ತು, ಸುಣ್ಣ ಬಳಿದಂತಾಗಿತ್ತು. ತಾನು ಏನೇನು ಅಂದಿದ್ದೆ ಅನ್ನುವುದು ಅವರಿಗೆ ಆ ಕ್ಷಣದವರೆಗೂ ನೆನಪಿರಲಿಲ್ಲ ಅಂತ ಕಾಣುತ್ತದೆ. ನನಗಂತೂ ಹಾಲು ಕುಡಿದಷ್ಟು ಸಂತೋಷ. ಇನ್ನು ಬರುತ್ತದೆ, ಹೆತ್ತವರನ್ನು ಎಳೆದು ತಂದ ಮಾತು ಇನ್ನೇನು ಬರುತ್ತದೆ ಅಂತ ಕುರ್ಚಿಯ ಅಂಚಿಗೆ ಜರುಗಿದೆ.

ಆಗ ನನ್ನ ಸೊಸೆ ಕೈ ಎತ್ತಿದಳು.

"ಸರ್, ನಿಲ್ಲಿಸಿ. ಅವರ ಮಾತು ಬೇಡ. ನನ್ನದು ಮಾತ್ರ ಹಾಕಿ."

ಮ್ಯಾನೇಜರು ಗುಂಡಿ ಒತ್ತಿ ನಿಲ್ಲಿಸಿದರು. ಬಗ್ಗಿ ಅವಳ ಕಡೆಗೆ, ಅದನ್ನು ಬಿಟ್ಟರೆ ನಿನ್ನ ಪರವಾಗಿ ಏನೂ ಇಲ್ಲಮ್ಮ ಅಂದದ್ದು ನನಗೂ ಕೇಳಿಸಿತು. ಗೊತ್ತು ಸರ್ ಅಂದಳು. ತನ್ನ ಕಾಲ ಮೇಲೆ ತಾನೇ ಕಲ್ಲು ಎತ್ತಿ ಹಾಕಿಕೊಂಡಳಲ್ಲಪ್ಪ ಅನ್ನಿಸಿತು ನನಗೆ. ಎದ್ದು ನಿಂತು ಬಾಯಿ ತೆರೆದೇಬಿಟ್ಟೆ. ಅವಳು ತಿರುಗಿ ನೋಡಿದಳು, ಒಂದೇ ಒಂದು ಸಲ. ನನ್ನ ಜನ್ಮದಲ್ಲಿ ಮೊದಲ ಬಾರಿಗೆ ತೆರೆದ ಬಾಯಿಯನ್ನು ಹಾಗೇ ಮುಚ್ಚಿಕೊಂಡು ಕೂತೆ. ಎಷ್ಟು ಕಷ್ಟ ಗೊತ್ತೇ ಅದು?

ಕಚೇರಿಯಲ್ಲಿ ಎರಡು ಕಡೆಯ ದನಿಯೂ ಬೇರೆ ಬೇರೆಯಾಗಿ ರೆಕಾರ್ಡಾಗುತ್ತದಂತೆ, ಮ್ಯಾನೇಜರು ಹುಡುಕಿ ಅವಳದನ್ನು ಮಾತ್ರ ಹಾಕಿದರು.

ಬೈಯಿರಿ ಸ್ವಾಮಿ ಬೈಯಿರಿ, ಬಾಯಿ ನಿಮ್ಮದು, ಕಿವಿ ನನ್ನದು,
ಕೋಪ ನಿಮಗೂ ಇದೆ, ನನಗೂ ಇದೆ, ತಡೆಯೋ ಕೆಲಸ ನನ್ನದು.
ಗುಡ್ಡದ ಮೇಲಿನ ನಲ್ಲಿ ಒಣಗಿದೆ, ಕೆಳಗಿನ ಕೊಡವೂ ಖಾಲಿ,
ಒಂದೇ ಟ್ಯಾಂಕು, ಒಂದೇ ಪೈಪು, ಎರಡೂ ಕಡೆಗೆ ಪಾಳಿ.
ಬಾಯಾರಿದಾಗ ಒಣಗೋ ನಾಲಿಗೆ ನಿಮ್ಮದೂ ನಮ್ಮದೂ ಒಂದೇ ಥರ,
ನಿಮ್ಮ ಮನೆಯ ಬಾಗಿಲು ದೊಡ್ಡದು, ದಾಹ ಮಾತ್ರ ಅಷ್ಟೇ ಎತ್ತರ.
ಕೈ ಎತ್ತಿದ್ರೆ ಜಗಳ ಗೆಲ್ತೀವಿ, ಕೊಡ ತುಂಬೋದಿಲ್ಲ ಅಣ್ಣ,
ಕೋಪಕ್ಕೊಂದು ಮುಚ್ಚಳ ಹಾಕಿ ಮೊದಲು ನಲ್ಲಿ ನೋಡೋಣ.

ಮೊದಲೆರಡು ಸಾಲಿಗೆ ಯಾರೋ ಹಿಂದಿನಿಂದ ನಕ್ಕರು. ದಾಹದ ಸಾಲು ಬರುವಷ್ಟರಲ್ಲಿ ಆ ನಗು ನಿಂತಿತ್ತು. ಮುಗಿದ ಮೇಲೆ ಡಾಕ್ಟರಮ್ಮ ಕನ್ನಡಕ ತೆಗೆದು ಒರೆಸಿಕೊಂಡು, ಇದರಲ್ಲಿ ಅವಮಾನ ಎಲ್ಲಿದೆ ಅಂತ ನನಗೆ ಸಿಕ್ಕಲಿಲ್ಲ ಅಂದರು. ಯಾರಿಗೂ ಕೇಳಿಸುವುದಿಲ್ಲ ಅಂದುಕೊಂಡು ಆಡಿದ ಮಾತು ಅದು ಅಂತ ಮ್ಯಾನೇಜರು, ಒಂದಿಷ್ಟು ಧೈರ್ಯ ಬಂದಿತ್ತು ಅಂತ ಕಾಣುತ್ತದೆ, ದೀಪದ ಕಥೆಯನ್ನೆಲ್ಲ ಬಿಡಿಸಿ ಹೇಳಿದರು. ಯಾರಿಗೂ ಕೇಳಿಸದಿದ್ದಾಗ ನಾವೆಲ್ಲ ಏನೇನು ಅನ್ನುತ್ತೇವೆ ಅಂತ ಒಬ್ಬೊಬ್ಬರೂ ಯೋಚಿಸಿಕೊಂಡಿರಬೇಕು.

ಯಜಮಾನರು ನಿಧಾನವಾಗಿ ಎದ್ದರು. ದನಿಯಲ್ಲಿ ಗಡಸು ಇರಲಿಲ್ಲ.

"ನನ್ನ ಮಾತು ಯಾಕೆ ನಿಲ್ಲಿಸಿದೆ? ಅದು ಇದ್ದಿದ್ರೆ ನೀನೇ ಗೆಲ್ತಿದ್ದೆ."

"ನೀರಿಲ್ಲದ ಮನೆಯಲ್ಲಿ ನಿಂತು ಆಡಿದ ಮಾತು ಸರ್ ಅದು. ಸಭೆಗೆ ತರೋ ಮಾತಲ್ಲ" ಅಂದಳು. ಆಮೇಲೆ ಕೈಮುಗಿದು, ದೂರು ಹೇಳುವಾಗ ನಾನು ಹಾಡಿದ್ದು ತಪ್ಪು, ಕಷ್ಟದಲ್ಲಿರೋರಿಗೆ ಅದು ಆಡಿಕೊಂಡ ಹಾಗೇ ಕೇಳುತ್ತೆ, ಅದಕ್ಕೆ ಕ್ಷಮಿಸಿ ಅಂತ ಸ್ಪಷ್ಟವಾಗಿ ಹೇಳಿದಳು. ಅಲ್ಲಿಗೆ ಅವಳು ಬಂದ ಕೆಲಸ ಮುಗಿದಿತ್ತು. ಆದರೆ ಅವಳು ನಿಂತೇ ಇದ್ದಳು.

"ಸರ್, ನಿಮ್ಮ ದೂರು ಇನ್ನೂ ಬಾಕಿ ಇದೆ. ನೀವು ಒಪ್ಪಿದ್ರೆ ಇಲ್ಲೇ ಹೇಳ್ತೀನಿ. ನನಗೆ ಗೊತ್ತಿರೋ ಥರದಲ್ಲಿ."

ಯಜಮಾನರು ಅವಳನ್ನೇ ನೋಡಿದರು. ಕೊನೆಗೆ ತಲೆಯಾಡಿಸಿ, ಮೈಕನ್ನು ತಾವೇ ಎತ್ತಿ ಅವಳ ಕೈಗೆ ಕೊಟ್ಟರು. ಅವಳು ಮೇಲೆ ಹತ್ತಿ, ಖಾಲಿ ಮೇಜಿನ ಮೇಲೆ ಬೆರಳಿಂದ ತಾಳ ಹಿಡಿದಳು.

ದೂರು ಕೇಳಿ, ದೂರು ಕೇಳಿ, ಮೂಲೆಮನೆಯ ಅಜ್ಜನ ದೂರು,
ಮಾತು ಅವರದು, ತಾಳ ನನ್ನದು, ಎಲ್ಲರೂ ಕೇಳಿ, ಎಲ್ಲಿ ನೀರು?
ಹಾಸಿಗೆ ಹಿಡಿದ ಹೆಂಡತಿ ಒಳಗೆ, ಒದ್ದೆ ಬಟ್ಟೆಗೆ ಒಣ ಬಕೆಟ್ಟು,
ಮೆಟ್ಟಿಲು ಇಳಿದು ಮೆಟ್ಟಿಲು ಹತ್ತಿ ಮೊಣಕಾಲಿಗೂ ಬಂತು ಸಿಟ್ಟು.

ಮತ್ತೆ ಎಲ್ಲಿ ನೀರು ಅಂತ ಕೇಳಿ, ಜನರೂ ಕೂಗಲಿ ಅಂತ ಅವಳು ನಿಲ್ಲಿಸಿದಳು. ಯಾರೂ ಬಾಯಿ ಬಿಡಲಿಲ್ಲ, ಮರ್ಯಾದಸ್ಥರಲ್ಲವೇ. ಮುಚ್ಚಿಟ್ಟುಕೊಂಡ ಬಾಯಿ ನನಗೆ ತಾನೇ ಇದ್ದದ್ದು? ಎದ್ದು ನಿಂತು, ಮಾರುಕಟ್ಟೆಯ ಒಂದು ಬಾಗಿಲಿಂದ ಇನ್ನೊಂದು ಬಾಗಿಲಿಗೆ ಮುಟ್ಟುವ ನನ್ನ ದನಿಯಲ್ಲಿ ಕೂಗಿದೆ, "ಎಲ್ಲಿ ನೀರು?" ಕುರ್ಚಿಯ ಬೆನ್ನಿಗೆ ಬಡಿದೆ. ಹಿಂದಿನ ಸಾಲಿನ ದಪ್ಪನೆಯ ಮನುಷ್ಯರೊಬ್ಬರು ಬಡಿದರು. ಡಾಕ್ಟರಮ್ಮ ಮೇಜು ಬಡಿದರು. ಮುಂದಿನ ಸಲ ಕೂಗಿದ್ದು ಇಡೀ ಹಾಲು.

ಫೋನು ಎತ್ತಿದ್ರೆ ನಾಳೆ ಅಂತೀವಿ, ನಾಳೆಗೆ ಈಗ ಮೀಸೆ ಬಂತು,
ಕೇಳಿ ಕೇಳಿ ಸೋತು ಹೋಗಿ ಕೇಳೋ ಬಾಯಿಗೆ ಬಿಸಿ ಬಂತು.
ಬೈಗುಳದ ಸಿಪ್ಪೆ ಸುಲಿದು ನೋಡಿದೆ, ಒಳಗೆ ಇದ್ದದ್ದು ಒಂದೇ ಮಾತು,
ನೀರು ಬೇಕು, ನೀರು ಬೇಕು, ಕೇಳಿ ನಮ್ಮ ಜೊತೆಗೆ ಕೂತು.

ಎಲ್ಲಿ ನೀರು, ಎಲ್ಲಿ ನೀರು ಅಂತ ಗುಡ್ಡದ ಮೇಲಿನವರೆಲ್ಲ ನನ್ನ ಸೊಸೆಯ ತಾಳಕ್ಕೆ ಕೂಗುತ್ತಿದ್ದರು. ಬಟ್ಟೆ ಸುಕ್ಕಾಗದಂತೆ ಕೂರುವವರು ಎದ್ದು ನಿಂತು ಕಾಲಿಂದ ನೆಲ ಬಡಿಯುತ್ತಿದ್ದರು. ಯಜಮಾನರು ಕೂಗಲಿಲ್ಲ. ಹೆಂಡತಿಯ ಮಾತು ಬಂದಾಗಲೇ ಕುರ್ಚಿಯಲ್ಲಿ ಕುಸಿದು ಕೂತವರು, ಅಂಗೈಯಿಂದ ಕಣ್ಣು ಒರೆಸಿಕೊಳ್ಳುತ್ತ, ಇನ್ನೊಂದು ಕೈಯಲ್ಲಿ ಮೊಣಕಾಲ ಮೇಲೆ ತಾಳ ಹಾಕುತ್ತಿದ್ದರು. ಅವರ ಮನೆಯೊಳಗಿನ ಸಂಕಟ ಪಕ್ಕದ ಮನೆಯವರಿಗೂ ಗೊತ್ತಿರಲಿಲ್ಲವಂತೆ. ಬೈಗುಳದ ನಡುವೆ ಅವರು ಹೇಳಿದ್ದನ್ನು ಅವಳೊಬ್ಬಳು ಕೇಳಿಸಿಕೊಂಡಿದ್ದಳು.

ಎಂಜಿನಿಯರಿಗೆ ಏಳದೆ ಬೇರೆ ದಾರಿ ಇರಲಿಲ್ಲ. ಜನ ಏನನ್ನುತ್ತಾರೋ ಎಂಬಂತೆ ಕೈ ಹಿಸುಕಿಕೊಳ್ಳುತ್ತ, ಗುಡ್ಡದ ಅರ್ಧದಲ್ಲಿರುವ ವಾಲ್ವು ಕೆಟ್ಟಿದೆ, ಅದರಿಂದಲೇ ಕೆಳಗೂ ಸಣ್ಣಗೆ ಬರುತ್ತಿದೆ, ಮೇಲೂ ಹತ್ತುತ್ತಿಲ್ಲ, ಯಾರೂ ಕದಿಯುತ್ತಿಲ್ಲ ಅಂತ ಬಿಚ್ಚಿ ಹೇಳಿದರು. ಈ ವಾರದಲ್ಲಿ ಹೊಸದು ಕೂರಿಸುತ್ತೇನೆ, ಅಲ್ಲಿಯವರೆಗೆ ಎರಡೂ ಕಡೆಗೆ ಟ್ಯಾಂಕರು, ಮೊದಲನೆಯದು ಇವತ್ತೇ ಸಂಜೆ ಅಂದರು. ಮಾತು ಉಳಿಸಿಕೊಂಡರು ಅನ್ನುವುದನ್ನೂ ಹೇಳಬೇಕು, ಸುಮ್ಮನೆ ದೂರಬಾರದು.

ಇನ್ನು ಉಳಿದದ್ದು ಅವಳ ಕೆಲಸದ ಮಾತು. ಹಾಡು ಚೆನ್ನಾಗಿತ್ತು, ಆದರೆ ಕಚೇರಿಯ ನಿಯಮ ಅಂತ ಒಂದಿದೆಯಲ್ಲ ಅಂತ ಸಭೆಯಲ್ಲಿ ಒಬ್ಬರು ರಾಗ ಎಳೆದರು. ಎಲ್ಲೆಲ್ಲೂ ಇರುತ್ತಾರೆ ಅಂಥವರು. ನನ್ನ ಸೊಸೆ ಮೈಕು ಮೇಜಿನ ಮೇಲಿಟ್ಟು, ಮತ್ತೆ ಮೆಟ್ಟಿಲ ಕೆಳಗೆ ಬಂದು ಮೊದಲಿನ ಜಾಗದಲ್ಲೇ ನಿಂತಳು. ಡಾಕ್ಟರಮ್ಮ, ದೂರು ಕೊಟ್ಟವರೇ ಹೇಳಲಿ ಅಂದರು. ಯಜಮಾನರು ಎದ್ದು ಮೈಕಿನ ಹತ್ತಿರ ಬಂದರು, ಗಂಟಲು ಸರಿಮಾಡಿಕೊಂಡರು.

"ಈ ಹುಡುಗಿಯನ್ನ ಕೆಲಸದಿಂದ ತೆಗೆದ್ರೆ ನಾನು ಇನ್ಯಾರಿಗೆ ಬೈಯ್ಲಿ? ಬೈಗುಳದೊಳಗಿಂದ ಮಾತು ಹೆಕ್ಕಿ ತೆಗೆಯೋರು ಆ ಕಚೇರಿಯಲ್ಲಿ ಇನ್ಯಾರಿದ್ದಾರೆ?" ಅಂದರು. ಹಾಲು ಗೊಳ್ಳೆಂದಿತು. ನಗು ಇಳಿಯುವವರೆಗೆ ಕಾದು, ಅವಳ ಕಡೆಗೆ ತಿರುಗಿ, "ಇನ್ನು ಬೈಯಲ್ಲಮ್ಮ. ಪ್ರಯತ್ನ ಮಾಡ್ತೀನಿ" ಅಂದರು.

ಇವಳು ಕೆಲಸದಲ್ಲಿ ಇರಲಿ ಅನ್ನುವವರು ಕೈ ಎತ್ತಿ ಅಂದರು ಡಾಕ್ಟರಮ್ಮ. ಮೊದಲು ಎದ್ದದ್ದು ಯಜಮಾನರ ಕೈ. ಆಮೇಲೆ ಮುಂದಿನ ಸಾಲು, ಹಿಂದಿನ ಸಾಲು, ಬಾಗಿಲಲ್ಲಿ ನಿಂತವರು, ಎಂಜಿನಿಯರು, ನಿಯಮದ ರಾಗ ಎಳೆದವರು ಕೂಡ. ಮ್ಯಾನೇಜರು ಎರಡೂ ಕೈ ಎತ್ತಿದ್ದರು. ನನ್ನ ಸೊಸೆ ಆ ಕೈಗಳನ್ನೆಲ್ಲ ನೋಡುತ್ತ, ಇಷ್ಟು ದಿನ ತಡೆದುಕೊಂಡದ್ದನ್ನೆಲ್ಲ ಅಲ್ಲೇ ಬಿಟ್ಟು ಗಳಗಳನೆ ಅತ್ತಳು. ನನಗೂ ಕಣ್ಣು ಮಂಜಾಯಿತು, ಹೆಮ್ಮೆಯಿಂದ ಎದೆ ಒಡೆದುಹೋಗುತ್ತದೇನೋ ಅನ್ನಿಸಿತು. ಸಂಘದ ಸದಸ್ಯರು ಮಾತ್ರ ಎತ್ತಬೇಕು ಅಂತ ಪಕ್ಕದಲ್ಲಿದ್ದವರು ಮೆಲ್ಲಗೆ ಹೇಳಿದರು. ಬೇಡ ಅನ್ನುವವರು ಯಾರಾದರೂ ಇದ್ದರೆ ಬರಲಿ, ನೋಡಿಯೇಬಿಡೋಣ ಅಂತ ನಾನು ಕುರ್ಚಿ ಹತ್ತಿ ನಿಂತು ಕೈ ಎತ್ತಿದೆ.